ಊರಿನ ಸ್ಕ್ಯಾನು, ಹೆಬ್ಬಾಳದ ಕಣ್ಣು

ತುಮಕೂರು, ಅರಸೀಕೆರೆ ಕಡೆಯ ರೈಲು ಯಶವಂತಪುರಕ್ಕೆ ಬಂದಾಗ ಇಳಿಯುವವರ ಕೈ ಗಮನಿಸಿ. ಬಟ್ಟೆಚೀಲ, ಊಟದ ಡಬ್ಬಿಯ ಜೊತೆಗೆ ಎಕ್ಸ್‌ರೇ ಫಿಲಂ ಇರುವ ದೊಡ್ಡ ಕವರೂ ಕಾಣುತ್ತದೆ. ಅದು ಮಡಚದಂತೆ ಎದೆಗೊತ್ತಿಕೊಂಡು ರಾಮಯ್ಯ ಆಸ್ಪತ್ರೆಗೋ ಹೆಬ್ಬಾಳಕ್ಕೋ ಆಟೊ ಹತ್ತುತ್ತಾರೆ. ಊರಲ್ಲೇ ತೆಗೆದ ಫಿಲಂ ನೋಡಿ ಹೇಳುವವರಿಗಾಗಿ ಇಷ್ಟು ದೂರ ಬರಬೇಕೆ?

ಕಾರಣ ವ್ಯವಸ್ಥೆಯಲ್ಲೇ ಇದೆ. ಬಯಲುಸೀಮೆಯಲ್ಲಿ ಸುಮಾರು 1.2 ಲಕ್ಷ ಜನರಿಗೆ 30 ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಅಲ್ಲಿಗೆ ಸರ್ಜನ್, ಫಿಜಿಶಿಯನ್, ಹೆರಿಗೆ, ಮಕ್ಕಳು ಮತ್ತು ಅರಿವಳಿಕೆ ತಜ್ಞರು ಬೇಕು ಎಂದು 2012ರ ರಾಷ್ಟ್ರೀಯ ಮಾನದಂಡ ಹೇಳಿತು. ಎಕ್ಸ್‌ರೇ ಯಂತ್ರ, ಟೆಕ್ನಿಷಿಯನ್ ಕೂಡ ಪಟ್ಟಿಯಲ್ಲಿದ್ದರು. ಕಡ್ಡಾಯ ತಜ್ಞರ ಸಾಲಿನಲ್ಲಿ ರೇಡಿಯಾಲಜಿಸ್ಟ್ ಇರಲಿಲ್ಲ.

ಆ ಕೊರತೆ ನೀಗಿಸುವ ದಾರಿಯನ್ನು ಅದಕ್ಕೂ ಮೊದಲೇ ಹುಡುಕಿದ್ದೂ ಬೆಂಗಳೂರಲ್ಲೇ. ಯಶವಂತಪುರದಿಂದ ಹೆಬ್ಬಾಳದ ಕಡೆ ಹೊರಟರೆ ನ್ಯೂ ಬಿಇಎಲ್ ರಸ್ತೆಯಲ್ಲಿ ಇಸ್ರೋ ಕೇಂದ್ರ ಕಚೇರಿ ಅಂತರಿಕ್ಷ ಭವನ ಸಿಗುತ್ತದೆ. ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಉಪಗ್ರಹದ ಮೂಲಕ ಜೋಡಿಸಿದ್ದು ಇಸ್ರೋ. ಅದೇ ಕಾಲಕ್ಕೆ, 2002ರಲ್ಲಿ, ಡಾ. ಅರ್ಜುನ್ ಕಲ್ಯಾಣಪುರ್ ಮತ್ತು ಡಾ. ಸುನೀತಾ ಮಹೇಶ್ವರಿ ಬೆಂಗಳೂರಲ್ಲಿ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಕಟ್ಟಿದರು. ಅಮೆರಿಕದ ರಾತ್ರಿಪಾಳಿಯ ಸ್ಕ್ಯಾನುಗಳು ನಮ್ಮ ಹಗಲಲ್ಲಿ ಇಲ್ಲಿ ಓದಿಸಿಕೊಳ್ಳತೊಡಗಿದವು. ಅಮೆರಿಕದ ಸ್ಕ್ಯಾನ್ ಇಲ್ಲಿಗೆ ಬರುವುದಾದರೆ ಪಾವಗಡದ್ದು ಬರಲು ಅಡ್ಡಿಯೇನು? ಇಂದು ಸಾಧಾರಣ ಬ್ರಾಡ್‌ಬ್ಯಾಂಡೇ ಆ ಕೆಲಸಕ್ಕೆ ಸಾಕು.

ಹೆಬ್ಬಾಳದ ಬಳಿಯ ಒಂದು ರಿಪೋರ್ಟಿಂಗ್ ಕೋಣೆ. ಕಿಟಕಿಗೆ ದಪ್ಪ ಪರದೆ, ಮೇಜಿನ ಮೇಲೆ ಜೋಡಿ ಮಾನಿಟರ್. ದೂರದ ತಾಲ್ಲೂಕೊಂದರಿಂದ ಬೈಕ್ ಅಪಘಾತದ ಗಾಯಾಳುವಿನ ತಲೆ ಸಿಟಿ ಬಂದಿದೆ. ರೇಡಿಯಾಲಜಿಸ್ಟ್ ಮೌಸ್ ಉರುಳಿಸಿದಂತೆ ಮೆದುಳಿನ ಪದರಗಳು ಒಂದೊಂದಾಗಿ ಸರಿಯುತ್ತವೆ. ಬುರುಡೆಯ ಒಳಗೋಡೆಗೆ ಒತ್ತಿಕೊಂಡು ಅವರೆಕಾಳಿನ ಆಕಾರದ ಬಿಳಿ ಕಲೆ. ಸಿಟಿಯಲ್ಲಿ ಹೊಸ ರಕ್ತ ಬಿಳಿಯಾಗಿ ಕಾಣುತ್ತದೆ. ಚಿತ್ರದ ಕಪ್ಪು-ಬಿಳುಪಿನ ಹೊಂದಿಕೆ (ವಿಂಡೋ) ಬದಲಿಸಿದರು. ಮೆದುಳು ಮಸುಕಾಗಿ ಮೂಳೆ ಎದ್ದು ಕಂಡಿತು, ಅದರಲ್ಲೊಂದು ಸಣ್ಣ ಬಿರುಕು. ರಿಪೋರ್ಟ್ ಟೈಪಾಗುವವರೆಗೂ ಕಾಯದೆ ಫೋನೆತ್ತಿದರು.

“ಡಾಕ್ಟ್ರೇ, ಎಡಗಡೆ ಎಕ್ಸ್‌ಟ್ರಾಡ್ಯೂರಲ್ ಬ್ಲೀಡ್ ಇದೆ. ಪೇಷೆಂಟ್ ಹೇಗಿದ್ದಾರೆ?”

“ಚೆನ್ನಾಗೇ ಮಾತಾಡ್ತಿದ್ದಾರೆ ಮೇಡಂ. ಒಂದ್ಸಲ ವಾಂತಿ ಆಯ್ತು.”

“ಮಾತಾಡ್ತಿದ್ದಾರೆ ಅಂತ ಇಟ್ಕೋಬೇಡಿ. ನ್ಯೂರೋಸರ್ಜನ್ ಇರೋ ಕಡೆ ಈಗ್ಲೇ ಕಳಿಸಿ.”

ಈ ಬಗೆಯ ರಕ್ತಸ್ರಾವದಲ್ಲಿ ಮೊದಲು ಚೆನ್ನಾಗಿ ಮಾತಾಡುತ್ತಿದ್ದವರು ಕೆಲವೇ ಗಂಟೆಗಳಲ್ಲಿ ಪ್ರಜ್ಞೆ ತಪ್ಪಬಹುದು. ಆ ಫೋನು ಉಳಿಸಿಕೊಟ್ಟ ಸಮಯದ ಬೆಲೆ ಮನೆಯವರಿಗೆ ಗೊತ್ತಾಗುವುದೇ ಇಲ್ಲ. ಓದಿದವರ ಮುಖವನ್ನೂ ಅವರು ನೋಡಿರುವುದಿಲ್ಲ.

ಆದರೆ ತಂತಿಯಲ್ಲಿ ಎಲ್ಲವೂ ಬರುವುದಿಲ್ಲ. ಬಳ್ಳಾರಿ ರಸ್ತೆಯಲ್ಲಿ 1973ರಿಂದ ಇರುವ ಬ್ಯಾಪ್ಟಿಸ್ಟ್ ಆಸ್ಪತ್ರೆ ದೇವನಹಳ್ಳಿ ಸುತ್ತಿನ ಹಳ್ಳಿಗಳಿಗೆ ತಾನೇ ಹೋಗಿ ಆರೋಗ್ಯ ಸೇವೆ ಕೊಡುತ್ತ ಬಂದಿದೆ. ಹಾಗೆ ತಜ್ಞರೇ ಊರಿಗೆ ಹೋಗಬೇಕಾದ ಕೆಲಸ ರೇಡಿಯಾಲಜಿಯಲ್ಲೂ ಇದೆ. ಅಲ್ಟ್ರಾಸೌಂಡ್‌ನಲ್ಲಿ ಪ್ರೋಬ್ ಹಿಡಿದ ಕೈಯೇ ರೋಗವನ್ನು ಹುಡುಕಬೇಕು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಗರ್ಭಿಣಿಯ ಸ್ಕ್ಯಾನ್ ಅನ್ನು ನೋಂದಾಯಿತ ಕೇಂದ್ರದಲ್ಲಿ ಅರ್ಹ ವೈದ್ಯರೇ ಮಾಡಬೇಕು. ಹೆಣ್ಣುಮಕ್ಕಳನ್ನು ಉಳಿಸುವ ಈ ಕಾಯ್ದೆ ಕಿಂಚಿತ್ತೂ ಸಡಿಲವಾಗಕೂಡದು. ಹಾಗಾದರೆ ತಾಲ್ಲೂಕಿಗೆ ತಜ್ಞರನ್ನು ಕಳಿಸುವ ಹೊಣೆ ಸರ್ಕಾರದ್ದು. “ಸ್ಕ್ಯಾನಿಂಗ್ ಡಾಕ್ಟ್ರು ಮಂಗಳವಾರ ಬರ್ತಾರೆ” ಎಂಬ ಮಾತಿಗೆ ಬುಧವಾರ ರಕ್ತಸ್ರಾವ ಶುರುವಾದ ಗರ್ಭಿಣಿ ಏನು ಮಾಡಬೇಕು?

ಯಲಹಂಕ ದಾಟಿದರೆ ದೊಡ್ಡಬಳ್ಳಾಪುರ, ಗೌರಿಬಿದನೂರಿನ ದಾರಿ. ಆ ಊರುಗಳ ಓದುಗರಿಗೆ ಹೇಳಬೇಕಾದ್ದು ಇಷ್ಟು: ಸ್ಕ್ಯಾನ್ ಮಾಡಿಸಿದಾಗ “ಇದನ್ನು ಓದುವವರು ಯಾರು?” ಎಂದು ಸಂಕೋಚವಿಲ್ಲದೆ ಕೇಳಿ. ರಿಪೋರ್ಟಿನ ಕೊನೆಯಲ್ಲಿ ವೈದ್ಯರ ಹೆಸರು, ಎಂಡಿ, ಡಿಎನ್‌ಬಿ ಅಥವಾ ಡಿಎಂಆರ್‌ಡಿ ಎಂಬ ಪದವಿ, ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇದೆಯೇ ನೋಡಿ. ಹಳೆಯ ಫಿಲಂ ಇದ್ದರೆ ತಪ್ಪದೆ ಕೊಡಿ. ಶ್ವಾಸಕೋಶದ ಕಲೆ ಹೊಸದೋ ಹಳೆಯದೋ ಎಂದು ತಿಳಿಯಲು ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ. ನೋವು ಎಲ್ಲಿ, ಎಷ್ಟು ದಿನದಿಂದ ಎಂಬುದನ್ನು ಚೀಟಿಯಲ್ಲಿ ಬರೆದು ಕಳಿಸುವಂತೆ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ.

ಪ್ರತಿ ತಾಲ್ಲೂಕು ಆಸ್ಪತ್ರೆಗೂ ಹೆಸರು ಗೊತ್ತಿರುವ, ಫೋನಿಗೆ ಸಿಗುವ ಒಬ್ಬ ರೇಡಿಯಾಲಜಿಸ್ಟ್ ಇರಬೇಕು. ಅವರು ಹೆಬ್ಬಾಳದಲ್ಲೇ ಕೂತಿರಲಿ, ಅಡ್ಡಿಯಿಲ್ಲ. ಆದರೆ ಫಿಲಂ ಹೊತ್ತು ರೈಲು ಹತ್ತುವ ಪಾಡು ರೋಗಿಗೆ ಬರಬಾರದು.