ತೇಲುವ ಊರುಗಳಲ್ಲಿ ಸಂಸಾರ

ಹಳಗನ್ನಡದ 'ಪಡಗು' ಹೊಸಗನ್ನಡದಲ್ಲಿ 'ಹಡಗು' ಆಯಿತು. ಪಾಲು ಹಾಲಾದಂತೆ, ಪಾವು ಹಾವಾದಂತೆ. ಅಕ್ಷರ ಬದಲಾದರೂ ಪದದ ಅರ್ಥ ಬಹುಕಾಲ ಹಾಗೆಯೇ ಉಳಿಯಿತು. ಹಡಗೆಂದರೆ ಒಂದು ದಡದ ಜನವನ್ನೂ ಸರಕನ್ನೂ ಇನ್ನೊಂದು ದಡಕ್ಕೆ ಮುಟ್ಟಿಸುವ ವಾಹನ. ಹತ್ತುವ ಊರು ಬೇರೆ, ಇಳಿಯುವ ಊರು ಬೇರೆ. ಇಂದು ಹೆಂಡಿರು ಮಕ್ಕಳೊಡನೆ, ವೃದ್ಧರಾದ ತಂದೆತಾಯಿಗಳೊಡನೆ ಲಕ್ಷಾಂತರ ಮಂದಿ ಹತ್ತುವ ವಿಹಾರನೌಕೆಗಳಿಗೆ ಈ ಅರ್ಥ ಸಾಲದು. ಇವರಲ್ಲಿ ಹೆಚ್ಚಿನವರು ಹತ್ತಿದ ಬಂದರಿನಲ್ಲಿಯೇ ಮರಳಿ ಇಳಿಯುತ್ತಾರೆ. ನಡುವೆ ಒಂದೆರಡು ದ್ವೀಪಗಳನ್ನೋ ಪಟ್ಟಣಗಳನ್ನೋ ಕಂಡರೂ ಅವರು ನಿಜವಾಗಿ ಹೋಗಿಬಂದ ಊರೆಂದರೆ ಆ ಹಡಗೇ.

ಹಾಗಾದರೆ ಇಂಥ ಊರುಗಳಲ್ಲಿ ಸಂಸಾರವಂದಿಗರಿಗೆ ತಕ್ಕುದು ಯಾವುದು? ಜಾಹೀರಾತುಗಳನ್ನು ನೋಡಿದರೆ ಎಲ್ಲವೂ ಸ್ವರ್ಗವೇ. ಆದರೆ ಒಂದು ಮನೆಯವರು ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ನಾಲ್ಕೇಳು ದಿನಗಳಲ್ಲಿ ವ್ಯಯಮಾಡುವಾಗ ಕೇಳಬೇಕಾದ ಪ್ರಶ್ನೆಯೊಂದುಂಟು: ಈ ಹಡಗು ನಮ್ಮ ಮನೆಯ ಮೂರು ತಲೆಮಾರುಗಳನ್ನು ಒಂದೆಡೆ ಕೂಡಿಸುವುದೋ, ವಯಸ್ಸಿಗೊಂದು ಅಂತಸ್ತಿನಂತೆ ಹಂಚಿಬಿಡುವುದೋ?

ವಿಹಾರಯಾನದ ಹುಟ್ಟು

ವಿನೋದಕ್ಕಾಗಿಯೇ ಕಡಲಯಾನ ಮಾಡುವ ರೂಢಿ ತೀರ ಹೊಸದೇನೂ ಅಲ್ಲ. ಜರ್ಮನಿಯ ಹ್ಯಾಂಬರ್ಗಿನ ಹಡಗು ಕಂಪನಿಯೊಂದನ್ನು ನಡೆಸುತ್ತಿದ್ದ ಆಲ್ಬರ್ಟ್ ಬಾಲಿನ್ ಎಂಬಾತನಿಗೆ ಒಂದು ಚಿಂತೆ ಇತ್ತು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ. ದೊಡ್ಡ ಹಡಗುಗಳು ಬರಿದೇ ನಿಲ್ಲುತ್ತಿದ್ದವು. 1891ರ ಜನವರಿಯಲ್ಲಿ ಆತ 'ಆಗುಸ್ಟಾ ವಿಕ್ಟೋರಿಯಾ' ಎಂಬ ಹಡಗನ್ನು ಮೆಡಿಟರೇನಿಯನ್ ಸಮುದ್ರದ ವಿಹಾರಕ್ಕೆ ಕಳುಹಿಸಿದ. ಅದು ಯಶಸ್ವಿಯಾಗಲು ವಿಹಾರಕ್ಕೆಂದೇ ಬೇರೊಂದು ಹಡಗನ್ನೂ ಕಟ್ಟಿಸಿದ.

ಮುಂದೆ 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದವು. ಆರು ದಿನಗಳ ದಾರಿ ಕೆಲವು ಗಂಟೆಗಳಿಗೆ ಇಳಿದ ಮೇಲೆ ಹಡಗಿನಲ್ಲಿ ಹೋಗುವವರಾರು? ದಾರಿ ಸವೆಸುವ ಕೆಲಸ ಕೈತಪ್ಪಿದ ಹಡಗುಗಳು ದಾರಿಯನ್ನೇ ಮಾರತೊಡಗಿದವು. ರಾಯಲ್ ಕೆರಿಬಿಯನ್ ಕಂಪನಿಯ ಮೊದಲ ಹಡಗು 1970ರಲ್ಲಿ ಹೊರಟಿತು. ಕಾರ್ನಿವಲ್ ಕಂಪನಿ 1972ರಲ್ಲಿ ಹುಟ್ಟಿತು. ಚಿತ್ರಲೋಕದ ಡಿಸ್ನಿ 1998ರಲ್ಲಿ 'ಡಿಸ್ನಿ ಮ್ಯಾಜಿಕ್' ಎಂಬ ನೌಕೆಯೊಡನೆ ಕಡಲಿಗಿಳಿಯಿತು.

ಅಳತೆಯ ಗುಟ್ಟು

ಹಡಗುಗಳನ್ನು ಹೋಲಿಸುವಾಗ ಮೊದಲು ಕಿವಿಗೆ ಬೀಳುವ ಮಾತು 'ಗ್ರಾಸ್ ಟನ್'. ಇದು ತೂಕವೆಂದು ಹಲವರ ಭಾವನೆ. ವಾಸ್ತವದಲ್ಲಿ ಇದು ಹಡಗಿನ ಒಳಗಿನ ಒಟ್ಟು ಅವಕಾಶವನ್ನು ಲೆಕ್ಕಹಾಕುವ ಅಳತೆ. 1912ರಲ್ಲಿ ಮುಳುಗಿದ ಟೈಟಾನಿಕ್ 46,328 ಟನ್ನಿನದು. ಆ ಕಾಲಕ್ಕೆ ಅದೇ ಜಗತ್ತಿನ ಅತಿ ದೊಡ್ಡ ಹಡಗು. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ 'ಐಕಾನ್ ಆಫ್ ದಿ ಸೀಸ್' 2,48,663 ಟನ್ನಿನದು. ಐದು ಟೈಟಾನಿಕ್‌ಗಳನ್ನು ಕೂಡಿಸಿದರೂ ಅದಕ್ಕಿಂತ ಕಡಿಮೆಯೇ! ನಮ್ಮ ಮುಂಬಯಿ ಬಂದರಿನಿಂದ 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿ ಯಾನ ಆರಂಭಿಸಿದ 'ಎಂಪ್ರೆಸ್' 48,563 ಟನ್ನಿನ ನೌಕೆ. ಎಂದರೆ ಹೆಚ್ಚುಕಡಿಮೆ ಟೈಟಾನಿಕ್‌ನಷ್ಟೇ ದೊಡ್ಡದು.

ಆದರೆ ಮನೆ ದೊಡ್ಡದಾದರೆ ಸಾಕೆ? ಅಲ್ಲಿ ಎಷ್ಟು ಮಂದಿ ಇದ್ದಾರೆಂಬುದೂ ಮುಖ್ಯವಷ್ಟೆ. ಕೋಣೆಗೆ ಇಬ್ಬರಂತೆ ಎಣಿಸಿದರೆ ಐಕಾನ್‌ನಲ್ಲಿ 5,610 ಪ್ರಯಾಣಿಕರು. ಮೂರನೆಯ, ನಾಲ್ಕನೆಯ ಹಾಸಿಗೆಗಳೆಲ್ಲ ತುಂಬಿದರೆ ಈ ಸಂಖ್ಯೆ 7,600ಕ್ಕೆ ಏರುತ್ತದೆ. ಆ ಹಾಸಿಗೆಗಳು ತುಂಬುವುದು ಮಕ್ಕಳಿಂದಲೇ, ಅದರಲ್ಲಿಯೂ ಶಾಲೆಯ ರಜೆಯ ದಿನಗಳಲ್ಲಿ. 2022ರಲ್ಲಿ ಬಂದ 'ಡಿಸ್ನಿ ವಿಶ್' ಸುಮಾರು 1,44,000 ಟನ್ನಿನದು, ಕೋಣೆಗಳು 1,254. ಇಬ್ಬರಂತೆ ಎಣಿಸಿದರೆ ತಲೆಗೆ 57 ಟನ್ನಿನಷ್ಟು ಅವಕಾಶ ಬರುತ್ತದೆ; ಐಕಾನ್‌ನಲ್ಲಿ 44. ಈ ಲೆಕ್ಕದಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪವೇ ದೊಡ್ಡದಾದ ಡಿಸ್ನಿಯ ಹಡಗೇ ಹೆಚ್ಚು ವಿಶಾಲವಾದುದು! ಆದುದರಿಂದ ಒಂದೇ ಹಡಗು ರಜೆಯ ದಿನಗಳಲ್ಲೊಂದು ಬಗೆ, ಉಳಿದ ದಿನಗಳಲ್ಲಿ ಇನ್ನೊಂದು ಬಗೆ ಎಂಬುದನ್ನು ಹೋಲಿಸುವವರು ಮರೆಯಬಾರದು.

ಜಾತ್ರೆಯಂಥ ಹಡಗು

ಐಕಾನ್ ಒಂದು ದೊಡ್ಡ ಜಾತ್ರೆ. ಸುಮಾರು 365 ಮೀಟರ್ ಉದ್ದ, ಇಪ್ಪತ್ತು ಅಂತಸ್ತು, ಏಳು ಈಜುಕೊಳಗಳು, ಆರು ನೀರಿನ ಜಾರುಬಂಡೆಗಳು. ನಡುವೆ ಜೀವಂತ ಗಿಡಮರಗಳ ಉದ್ಯಾನ. ಇಷ್ಟು ದೊಡ್ಡ ಊರಿನಲ್ಲಿ ದಾರಿ ತಪ್ಪಬಾರದೆಂದು ಹಡಗನ್ನು ಕೇರಿಗಳಾಗಿ ವಿಂಗಡಿಸಿದ್ದಾರೆ. ಆ ಕೇರಿಗಳಲ್ಲಿ 'ಸರ್ಫ್‌ಸೈಡ್' ಎಂಬುದು ಎಳೆಯ ಮಕ್ಕಳಿರುವ ಸಂಸಾರಗಳಿಗೇ ಮೀಸಲು. ಕೂಸುಗಳ ನೀರಾಟ, ಅದರ ಪಕ್ಕದಲ್ಲಿಯೇ ತಾಯಿತಂದೆಯರ ಕೊಳ, ತಿರುಗುವ ಕುದುರೆಗಳ ಆಟ, ಊಟದ ಅಂಗಡಿಗಳು ಎಲ್ಲವೂ ಕಣ್ಣಳತೆಯಲ್ಲಿವೆ. ಮಕ್ಕಳನ್ನು ಒಪ್ಪಿಸಿ ಹೋಗುವ ಬದಲು ಮಕ್ಕಳೊಡನೆ ಇರುವುದಕ್ಕೆ ಮಾಡಿದ ಏರ್ಪಾಟು ಇದು, ಮೆಚ್ಚತಕ್ಕದ್ದೇ.

ಆದರೆ ಜಾತ್ರೆಯಲ್ಲಿ ಸದ್ದೂ ಉಂಟು, ಕಾಯುವ ಸಾಲೂ ಉಂಟು. ಹದಿಹರೆಯದವರು ಜಾರುಬಂಡೆಗಳ ಕಡೆ, ಅಜ್ಜಿ ಗಾಳಿಯಿರುವ ಮೂಲೆಯ ಕಡೆ, ತಂದೆ ತಾಯಿ ಎಲ್ಲರನ್ನೂ ಹುಡುಕುವ ಕಡೆ! ಕಾರ್ನಿವಲ್ ಕಂಪನಿಯ ಹಡಗುಗಳೂ ಈ ಜಾತಿಯವೇ, ಸಡಗರ ಜಾಸ್ತಿ. 2021ರಲ್ಲಿ ಓಡತೊಡಗಿದ ಅವರ 'ಮಾರ್ಡಿ ಗ್ರಾ' ನೌಕೆಯ ನೆತ್ತಿಯ ಮೇಲೆ ವಿದ್ಯುತ್ತಿನಿಂದ ಓಡುವ ರೋಲರ್ ಕೋಸ್ಟರ್ ಇದೆ. ಕಡಲ ಮೇಲೆ ಅಂಥದು ಅದೇ ಮೊದಲನೆಯದು.

ಪಂಕ್ತಿಯ ಗುಣ

ಡಿಸ್ನಿ ಹಡಗುಗಳ ಹೆಚ್ಚಳ ಬೇರೆ. ಇಲ್ಲಿ ಜೂಜಿನ ಕೋಣೆಯಿಲ್ಲ. ಮಲಗುವ ಕೋಣೆಗಳಲ್ಲಿ ಹೆಚ್ಚಿನವಕ್ಕೆ ಎರಡಾಗಿ ಒಡೆದ ಸ್ನಾನಗೃಹ: ಒಂದರಲ್ಲಿ ಶೌಚ, ಇನ್ನೊಂದರಲ್ಲಿ ಸ್ನಾನ, ಎರಡರಲ್ಲಿಯೂ ಕೈತೊಳೆಯುವ ತೊಟ್ಟಿ. ಬೆಳಗ್ಗೆ ನಾಲ್ವರು ಏಕಕಾಲಕ್ಕೆ ಸಿದ್ಧರಾಗಬೇಕಾದ ಮನೆಯನ್ನು ನಡೆಸಿದವರಿಗೆ ಇದರ ಬೆಲೆ ಗೊತ್ತು. ಮಕ್ಕಳ ಹಾಸಿಗೆಗೂ ಹಿರಿಯರ ಹಾಸಿಗೆಗೂ ನಡುವೆ ದಪ್ಪನೆಯ ಪರದೆಯುಂಟು.

ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ಅವರ ಊಟದ ಕ್ರಮ. ಸಂಸಾರವು ಒಂದು ರಾತ್ರಿ ಒಂದು ಭೋಜನಶಾಲೆಗೆ, ಮರುರಾತ್ರಿ ಇನ್ನೊಂದಕ್ಕೆ ಹೋಗುತ್ತದೆ. ಬಡಿಸುವವರೂ ಅವರ ಹಿಂದೆಯೇ ಬರುತ್ತಾರೆ. ಮೊದಲ ದಿನ ಮಗು ಏನನ್ನು ಬೇಡವೆಂದಿತು, ಅಜ್ಜನಿಗೆ ಖಾರ ಎಷ್ಟು ಆಗುತ್ತದೆ ಎಂಬುದು ಮೂರನೆಯ ದಿನಕ್ಕೆ ಅವರಿಗೆ ತಿಳಿದುಬಿಟ್ಟಿರುತ್ತದೆ. ನಮ್ಮ ಮದುವೆಮನೆಗಳ ಪಂಕ್ತಿಯಲ್ಲಿ ಪರಿಚಿತನಾದ ಬಡಿಸುವವನಿಂದ ಸಿಗುವ ಆದರವೇ ಇಲ್ಲಿಯೂ ಸಿಗುತ್ತದೆ. ಹಗಲೆಲ್ಲ ಚದುರಿದವರು ರಾತ್ರಿ ಒಂದೇ ಮೇಜಿನಲ್ಲಿ ಕೂಡುತ್ತಾರೆ.

ಹಗಲು ಚದುರುವುದಂತೂ ಇಲ್ಲಿಯೂ ತಪ್ಪದು. ಮೂರು ವರ್ಷದವರೆಗಿನ ಕೂಸುಗಳಿಗೆ ಗಂಟೆಗಿಷ್ಟೆಂದು ಹಣ ತೆತ್ತು ಬಿಡಬೇಕಾದ ಶಿಶುಗೃಹ, ಅದಕ್ಕೂ ಮೇಲಿನ ಮಕ್ಕಳಿಗೆ ಆಟದ ಕೂಟ, 11ರಿಂದ 14ರವರಿಗೊಂದು, 14ರಿಂದ 17ರವರಿಗೆ ಮತ್ತೊಂದು. ಹೀಗೆ ವಯಸ್ಸಿನ ಗಡಿಗಳು ಖಚಿತ. ಅಣ್ಣನಿಗೆ ಹದಿನೈದು, ತಂಗಿಗೆ ಹತ್ತು ಎಂದಾದರೆ ಇಬ್ಬರೂ ಕೂಟದಲ್ಲಿ ಒಟ್ಟಾಗುವಂತಿಲ್ಲ. ಇದು ಬಹುತೇಕ ಎಲ್ಲ ಕಂಪನಿಗಳ ಪದ್ಧತಿ. ಡಿಸ್ನಿಯ ದರವೋ, ಸಾಮಾನ್ಯವಾಗಿ ಉಳಿದ ಎರಡರಿಗಿಂತ ಹೆಚ್ಚು.

ನಮ್ಮ ಕಡಲಿನ ಎಂಪ್ರೆಸ್

ಮುಂಬಯಿಯ ಎಂಪ್ರೆಸ್ ಈ ಎರಡರ ಮುಂದೆ ಚಿಕ್ಕದು, ಹಳೆಯದು. 1990ರಲ್ಲಿ ಫ್ರಾನ್ಸಿನಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಿಂದ ಹುಟ್ಟಿ, ಹಲವು ವರ್ಷ ರಾಯಲ್ ಕೆರಿಬಿಯನ್ನರಲ್ಲಿ ದುಡಿದು, ಬಳಿಕ ನಮ್ಮ ನೀರಿಗೆ ಬಂದಿತು. ಉದ್ದ ಸುಮಾರು 211 ಮೀಟರ್, ಅಂತಸ್ತು ಹನ್ನೊಂದು. ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಎರಡರಿಂದ ಐದು ರಾತ್ರಿಗಳ ಯಾನಗಳನ್ನು ಅದು ಕೈಗೊಂಡಿತು. ಜಾರುಬಂಡೆಗಳ ಬೆಟ್ಟವನ್ನು ಇಲ್ಲಿ ನಿರೀಕ್ಷಿಸಬಾರದು. ಒಂದು ಈಜುಕೊಳ, ನಾಟಕಶಾಲೆ, ಏರುವ ಗೋಡೆ, ಮಕ್ಕಳ ಕೋಣೆ, ಅಷ್ಟೆ.

ಆದರೂ ನಮ್ಮ ಸಂಸಾರಗಳಿಗೆ ಇದರಲ್ಲಿ ಕೆಲವು ಅನುಕೂಲಗಳುಂಟು. ಭಾರತದೊಳಗಿನ ಯಾನಕ್ಕೆ ವೀಸಾ ಬೇಡ, ಸಾಗರ ದಾಟುವ ವಿಮಾನದ ಖರ್ಚಿಲ್ಲ. ಸಸ್ಯಾಹಾರ ಮಾತ್ರವಲ್ಲ, ಜೈನರ ಆಹಾರವೂ ದೊರೆಯುತ್ತದೆ. ವಿದೇಶೀ ಹಡಗುಗಳಲ್ಲಿಯೂ ಮೊದಲೇ ತಿಳಿಸಿದರೆ ಭಾರತೀಯ ಸಸ್ಯಾಹಾರ ಸಿಗುವುದುಂಟು; ಆದರೆ ಕೇಳಿ ಪಡೆಯುವುದಕ್ಕೂ ಎಲ್ಲರಂತೆ ಎಲೆಯ ಮುಂದೆ ಕೂರುವುದಕ್ಕೂ ವ್ಯತ್ಯಾಸವಿದೆ. ಹಡಗು ಚಿಕ್ಕದಾದುದರಿಂದ ಇನ್ನೊಂದು ಲಾಭ: ಮೊಮ್ಮಗ ಎಲ್ಲಿದ್ದಾನೆಂದು ಅಜ್ಜಿ ಎರಡು ಮೆಟ್ಟಿಲ ಸಾಲು ಇಳಿದು ನೋಡಿಬರಬಹುದು.

ಹೊರಡುವ ಮುನ್ನ

ಯಾವ ಹಡಗಾದರೂ ಕೆಲವು ಮಾತುಗಳು ಸಮಾನ. ಕಿಟಕಿಯಿಲ್ಲದ ಒಳಗೋಣೆ ಅಗ್ಗ. ಕಡಲು ಕಾಣುವ ಮೊಗಸಾಲೆಯ ಕೋಣೆ ದುಬಾರಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಲೇಸು. ಹೊಟ್ಟೆ ತೊಳಸುವ ಸ್ವಭಾವದವರು ಹಡಗಿನ ನಡುಭಾಗದ ಕೆಳ ಅಂತಸ್ತನ್ನು ಆರಿಸಿಕೊಳ್ಳಬೇಕು. ತಕ್ಕಡಿಯ ಮುಳ್ಳಿನ ಬುಡದಂತೆ ಅಲ್ಲಿ ತೂಗಾಟ ಕಡಿಮೆ. ಹಡಗಿನ ಪಕ್ಕಗಳಿಂದ ಮೀನಿನ ಈಜುರೆಕ್ಕೆಯಂತೆ ಚಾಚುವ ಸಲಕರಣೆಗಳು ಹೊರಳಾಟವನ್ನು ತಗ್ಗಿಸುತ್ತವೆಯಾದರೂ ಪೂರ್ಣ ನಿಲ್ಲಿಸಲಾರವು.

ಟಿಕೀಟಿನ ದರವೇ ಕೊನೆಯಲ್ಲ. ಸೇವಕರ ಭಕ್ಷೀಸು ಅನೇಕ ಹಡಗುಗಳಲ್ಲಿ ದಿನಕ್ಕೆ ತಲೆಗಿಷ್ಟೆಂದು ಲೆಕ್ಕಕ್ಕೆ ಸೇರುತ್ತದೆ, ಮಕ್ಕಳ ತಲೆಯೂ ಸೇರಿ. ಇಂಟರ್‌ನೆಟ್, ವೈದ್ಯರ ಭೇಟಿ, ದಡದ ಪ್ರವಾಸ ಎಲ್ಲಕ್ಕೂ ಬೇರೆ ಹಣ. ಸೋಡಾದಂಥ ಪಾನೀಯಗಳು ಡಿಸ್ನಿಯಲ್ಲಿ ಊಟದೊಡನೆ ಉಚಿತ, ರಾಯಲ್ ಕೆರಿಬಿಯನ್‌ನಲ್ಲಿ ಪ್ರತ್ಯೇಕ. ಸಾಮಾನ್ಯವಾಗಿ ಆರು ತಿಂಗಳು ತುಂಬದ ಕೂಸನ್ನೂ, 24ನೆಯ ವಾರ ಮುಟ್ಟಿದ ಗರ್ಭಿಣಿಯನ್ನೂ ಹತ್ತಿಸಿಕೊಳ್ಳುವುದಿಲ್ಲ. ಊಟದ ಮೊದಲು ಸೋಪು ಹಚ್ಚಿ ಕೈತೊಳೆಯುವ ನಮ್ಮ ಹಿರಿಯರ ಶಿಸ್ತು ಇಲ್ಲಿ ಅತ್ಯವಶ್ಯ. ಸಾವಿರಾರು ಜನ ಒಂದೇ ಸೂರಿನಡಿ ಉಣ್ಣುವೆಡೆ ವಾಂತಿಭೇದಿಯ ನೋರೋವೈರಸ್ ಬೇಗ ಹರಡುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ 'ಕೋಸ್ಟಾ ಕಾಂಕೊರ್ಡಿಯಾ' ಬಂಡೆಗೆ ಬಡಿದು ಒರಗಿದಾಗ 32 ಮಂದಿ ಪ್ರಾಣ ಕಳೆದುಕೊಂಡರು. ಅಂದೇ ಹತ್ತಿದ ನೂರಾರು ಪ್ರಯಾಣಿಕರಿಗೆ ಅಪಾಯಕಾಲದ ತಾಲೀಮು ಇನ್ನೂ ಆಗಿರಲಿಲ್ಲ. ಆ ಬಳಿಕ ಹಡಗು ಹೊರಡುವ ಮುನ್ನವೇ, ಅಥವಾ ಹೊರಟ ಕೂಡಲೇ, ತಾಲೀಮು ನಡೆಯತಕ್ಕದ್ದೆಂಬ ಅಂತರರಾಷ್ಟ್ರೀಯ ನಿಯಮ ಬಂದಿತು. ಮೊದಲ ದಿನದ ಸಡಗರದಲ್ಲಿ ಇದು ಬೇಸರವೆನಿಸೀತು. ಆದರೆ ಮಗುವಿನ ಅಳತೆಯ ಜೀವರಕ್ಷಕ ಅಂಗಿ ಎಲ್ಲಿದೆ, ಮಗು ಮಕ್ಕಳ ಕೂಟದಲ್ಲಿದ್ದಾಗ ಕರೆಗಂಟೆಯಾದರೆ ಅದನ್ನು ಯಾರು, ಎಲ್ಲಿಗೆ ಕರೆತರುತ್ತಾರೆ ಎಂಬುದನ್ನು ತಾಯಿತಂದೆಯರು ಅಂದೇ ಕೇಳಿ ತಿಳಿಯಬೇಕು.

ಬಡಿಸುವ ಕೈಗಳು

ಐಕಾನ್‌ನಲ್ಲಿ ಕೆಲಸದವರೇ 2,350 ಮಂದಿ. ವಿಹಾರನೌಕೆಗಳ ಕೆಲಸಗಾರರಲ್ಲಿ ಫಿಲಿಪೀನ್ಸ್, ಇಂಡೋನೇಷ್ಯಾ, ಭಾರತಗಳವರು ಬಹಳ. ಗೋವೆಯ, ನಮ್ಮ ಮಂಗಳೂರು–ಉಡುಪಿಯ ಕಡೆಯ ಎಷ್ಟೋ ತರುಣರು ಇಂಥ ಹಡಗುಗಳ ಅಡುಗೆಮನೆಯಲ್ಲಿ, ಭೋಜನಶಾಲೆಯಲ್ಲಿ, ಕೋಣೆಗಳ ಕೆಲಸದಲ್ಲಿ ದುಡಿದಿದ್ದಾರೆ. ಕರಾರು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವು ದಿನಕ್ಕೆ ಕನಿಷ್ಠ ಹತ್ತು ಗಂಟೆಗಳ, ವಾರಕ್ಕೆ 77 ಗಂಟೆಗಳ ವಿಶ್ರಾಂತಿ ಬೇಕೆನ್ನುತ್ತದೆ. ಇದನ್ನೇ ಬಗೆದು ನೋಡಿದರೆ, ವಾರಕ್ಕೆ 91 ಗಂಟೆಗಳವರೆಗೆ ದುಡಿಮೆ ಇರಬಹುದೆಂದಾಯಿತು.

ವಿದೇಶೀ ವಿಹಾರನೌಕೆಗಳು ನವಮಂಗಳೂರು ಬಂದರಿಗೂ ಬರುವುದುಂಟು. ಪ್ರವಾಸಿಗಳು ಕೆಲವು ಗಂಟೆಗಳಲ್ಲಿ ಕಾರ್ಕಳದ ಗೊಮ್ಮಟನನ್ನೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ನೋಡಿ ಹಿಂದಿರುಗುತ್ತಾರೆ. ಅಂಥ ಹಡಗಿನಲ್ಲಿ ಕರಾವಳಿಯ ಹುಡುಗನೊಬ್ಬ ಕೆಲಸದಲ್ಲಿದ್ದರೆ, ಬಿಡುವು ಸಿಕ್ಕಿದರೆ ಮಾತ್ರ ಅವನಿಗೆ ಮನೆಯವರ ಮುಖದರ್ಶನ. ಇಲ್ಲವಾದರೆ ತನ್ನ ಊರಿನ ದೀಪಗಳು ದೂರವಾಗುವುದನ್ನು ನೋಡುತ್ತ ಅವನು ಪರರ ಮಕ್ಕಳಿಗೆ ಊಟ ಬಡಿಸಬೇಕು. ಒಂದು ಸಂಸಾರ ಕಡಲ ಮೇಲೆ ಕೂಡಿ ನಲಿಯುವುದಕ್ಕೆ ಇನ್ನೊಂದು ಸಂಸಾರ ದಡದಲ್ಲಿ ಅಗಲಿ ಕಾಯುತ್ತಿರುತ್ತದೆ. ಈ ತಿಳಿವಳಿಕೆ ಇದ್ದ ಪ್ರಯಾಣಿಕನ ಮಾತಿನಲ್ಲಿ ಒಂದಿಷ್ಟು ಮೃದುತ್ವ ತಾನಾಗಿ ಬರುತ್ತದೆ.

ಯಾವುದು ಲೇಸು?

ಎಳೆಯ ಮಕ್ಕಳಿದ್ದು, ಕೈಯಲ್ಲಿ ಹಣವಿದ್ದು, ನೆಮ್ಮದಿಯ ಊಟವನ್ನೂ ಒಪ್ಪವಾದ ಕೋಣೆಯನ್ನೂ ಬಯಸುವವರಿಗೆ ಡಿಸ್ನಿಯ ನೌಕೆ ತಕ್ಕುದು. ಹದಿಹರೆಯದ ಮಕ್ಕಳಿರುವವರಿಗೆ, ಸದ್ದುಗದ್ದಲಕ್ಕೆ ಅಂಜದವರಿಗೆ ಐಕಾನ್ ಹಾಗೂ ಕಾರ್ನಿವಲ್. ಮೊದಲ ಬಾರಿಗೆ ಕಡಲನ್ನು ಏರುವ, ಅಜ್ಜ ಅಜ್ಜಿಯರನ್ನೂ ಕರೆದೊಯ್ಯುವ ನಮ್ಮ ನಡುತರದ ಸಂಸಾರಗಳಿಗೆ ಮುಂಬಯಿಯಿಂದ ಹೊರಡುವ ಎರಡು ಮೂರು ರಾತ್ರಿಗಳ ಯಾನವೇ ಒಳ್ಳೆಯ ಪರೀಕ್ಷೆ. ಒಗ್ಗದಿದ್ದರೆ ನಷ್ಟವೂ ಅಷ್ಟಕ್ಕೇ ನಿಲ್ಲುತ್ತದೆ.

ಯಾವುದನ್ನೇ ಆರಿಸಲಿ, ದಿನಕ್ಕೊಂದು ಹೊತ್ತನ್ನು ಎಲ್ಲರೂ ಕೂಡಿರುವುದಕ್ಕೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಮೇಲು. ಅದಕ್ಕೆ ಟಿಕೀಟು ಬೇಕಿಲ್ಲ, ಸಾಲಿನಲ್ಲಿ ನಿಲ್ಲಬೇಕಿಲ್ಲ. ಸಂಜೆ ಮೇಲಂತಸ್ತಿನ ಕಟಕಟೆಯ ಬಳಿ ಹೋಗಿ ನಿಂತರೆ ಸಾಕು. ಸೂರ್ಯ ಮುಳುಗುವಾಗ ಐಕಾನ್‌ನ ಇಪ್ಪತ್ತನೆಯ ಅಂತಸ್ತಿನಿಂದಲೂ ಎಂಪ್ರೆಸ್‌ನ ಹನ್ನೊಂದನೆಯದರಿಂದಲೂ ಕಾಣುವುದು ಒಂದೇ ಕಡಲು.