ರೀಲ್‌ಗಾಗಿ ಬಾಗಿಲಲ್ಲಿ ನೇತಾಡ್ತೀರಾ?

ಹೊರಟ ಲೋಕಲ್ ರೈಲು. ಬಾಗಿಲ ಕಂಬಿ ಹಿಡಿದು, ಪ್ಲಾಟ್‌ಫಾರಂ ಮೇಲೆ ಕಾಲು ಜಾರಿಸ್ತಾ ಹೋಗೋ ಹುಡುಗ. ಮುಂಬೈನ ಶಿವಡಿ ನಿಲ್ದಾಣದ ಈ ವಿಡಿಯೊ 2024ರ ಜುಲೈನಲ್ಲಿ ವೈರಲ್ ಆಯ್ತು. ರೈಲ್ವೆ ಪೊಲೀಸರು ಹುಡುಕಿಕೊಂಡು ಮನೆಗೇ ಹೋದ್ರು. ಹುಡುಗನಿಗೆ ಒಂದು ಕೈ ಇಲ್ಲ, ಒಂದು ಕಾಲೂ ಇಲ್ಲ! ಆ ವಿಡಿಯೊ ತೆಗೆದ ಮೇಲೆ, ಏಪ್ರಿಲ್‌ನಲ್ಲೇ ಮಸ್ಜಿದ್ ನಿಲ್ದಾಣದಲ್ಲಿ ಇನ್ನೊಂದು ಸ್ಟಂಟ್ ಮಾಡಲು ಹೋಗಿ ಕಳೆದುಕೊಂಡಿದ್ದ.

ಕೊಳ್ಳೇಗಾಲ, ಹನೂರು, ಯಳಂದೂರಿಗೆ ರೈಲಿಲ್ಲ, ನಿಜ. ಆದ್ರೆ ಬಸ್ಸಿದೆ, ಫುಟ್‌ಬೋರ್ಡ್ ಇದೆ, ಮಾದಪ್ಪನ ಬೆಟ್ಟದ ತಿರುವುಗಳಿವೆ. ತಿರುವಿನಲ್ಲಿ ಬಸ್ಸು ಒಳಕ್ಕೆ ತಿರುಗುತ್ತೆ, ನಿಮ್ಮ ಮೈ ಹೊರಕ್ಕೆ ಎಳೆಯುತ್ತೆ. ಕಂಬಿ ಹಿಡಿದ ಕೈಯಲ್ಲೇ ಮೊಬೈಲೂ ಇದ್ರೆ ಮುಗೀತು.

ಫುಟ್‌ಬೋರ್ಡ್, ಟಾಪ್, ಬಾನೆಟ್ ಮೇಲೆ ಪ್ರಯಾಣಿಸೋದನ್ನ ಮೋಟಾರು ವಾಹನ ಕಾಯ್ದೆಯ 123ನೇ ಸೆಕ್ಷನ್ ನಿಷೇಧಿಸಿದೆ. ನೀವು ಹಾಕೋ ರೀಲೇ ಪೊಲೀಸರಿಗೆ ಸಾಕ್ಷಿ. ಒಳಗೆ ಬನ್ನಿ, ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ.