ನಿಲ್ದಾಣಗಳ ಹೆಸರೂ ನಮ್ಮ ನಾಲಿಗೆಯೂ

ಊರಿನ ಹೆಸರನ್ನು ತಪ್ಪಾಗಿ ಉಚ್ಚರಿಸಿದಾಗ ಕೇಳಿದವರಿಗೆ ನಗೆ ಬರುವದು ಸಹಜ. ಆದರೆ ಆ ನಗೆಯು ಎಲ್ಲಿಂದ ಹುಟ್ಟಿತೆಂದು ವಿಚಾರಿಸಿದರೆ, ನಮ್ಮ ಭಾಷೆಯ ವ್ಯಾಕರಣವೇ ಅದರೊಳಗೆ ಅಡಗಿರುವದು ಕಂಡುಬರುತ್ತದೆ. ಇದನ್ನು ಕಲಿಯಲು ಪಟ್ಟಂದೂರು ಅಗ್ರಹಾರದ ಮೆಟ್ರೋ ನಿಲ್ದಾಣಕ್ಕಿಂತ ತಕ್ಕ ಸ್ಥಳವು ನಮ್ಮ ವಿದ್ಯಾರ್ಥಿನಿಯರಿಗೆ ಸಿಕ್ಕಲಾರದು.

ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನ ವರೆಗಿನ ನೇರಳೆ ಮಾರ್ಗವು 2023ನೆಯ ಇಸವಿ ಮಾರ್ಚಿ ತಿಂಗಳಲ್ಲಿ ತೆರೆಯಲ್ಪಟ್ಟಿತು. ಇಲ್ಲಿ ರೈಲು ಕಂಬಗಳ ಮೇಲೆ ಸಾಗುವದು. ನಗರದ ಕಡೆಗೆ ಹೋಗುತ್ತಾ ಮಹಾತ್ಮಾ ಗಾಂಧಿ ರಸ್ತೆಯನ್ನು ದಾಟಿದ ಮೇಲೆ ನೆಲದೊಳಕ್ಕೆ ಇಳಿಯುವದು. ನೆಲದ ಮೇಲಾಗಲಿ ಕೆಳಗಾಗಲಿ, ಫಲಕಗಳಲ್ಲಿ ಹೆಸರು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುತ್ತದೆ. ಇಂಗ್ಲಿಷನ್ನು ಮಾತ್ರ ಓದುವವರಿಗೇ ಕಷ್ಟವು.

ಆ ಲಿಪಿಯಲ್ಲಿ ಲಕಾರ ಳಕಾರಗಳಿಗೆ ಒಂದೇ ಅಕ್ಷರ. ಹ್ರಸ್ವ ದೀರ್ಘಗಳಿಗೂ ಅನೇಕ ವೇಳೆ ಒಂದೇ ಗುರುತು. ಆದುದರಿಂದ 'ಹಳ್ಳಿ'ಯು 'ಹಲ್ಲಿ'ಯಾಗುತ್ತದೆ. ಕುಂಡಲಹಳ್ಳಿಯು ಕಿವಿಗೆ ಕುಂಡಲವನ್ನಿಟ್ಟುಕೊಂಡ ಹಲ್ಲಿಯಾಗಿ ಗೋಡೆಯನ್ನೇರುತ್ತದೆ! 'ಪಾಳ್ಯ'ವು 'ಪಲ್ಯ'ವಾದರೆ, ಸೀತಾರಾಮಪಾಳ್ಯದಲ್ಲಿಯೂ ಗರುಡಾಚಾರ್‌ಪಾಳ್ಯದಲ್ಲಿಯೂ ಇಳಿದವರು ಎಲೆ ಹಾಕಿಕೊಂಡು ಕಾಯಬೇಕಾದೀತು. ದೀರ್ಘವನ್ನು ಕಳೆದುಕೊಂಡ ಹೂಡಿಯು ಹುಡಿಯಾಗುವದು. ಪಟ್ಟಂದೂರನ್ನು ನಡುವೆ ನಿಲ್ಲಿಸಿ ಹೇಳಿದರೆ ಕೊನೆಗೆ 'ದೂರು' ಒಂದು ಉಳಿಯುವದು. 'ಅಗ್ರಹಾರ'ದ ಎರಡನೆಯ ಅಕ್ಷರವನ್ನು ಎಳೆದು 'ಅಗ್ರಾಹಾರ'ವೆಂದರೆ, ಅಗ್ರವಾದ ಆಹಾರವೆಂದು ಸವರ್ಣದೀರ್ಘಸಂಧಿಯೇ ಆಗಿ, ಹಸಿದವರ ಬಾಯಲ್ಲಿ ನೀರೂರುವದು! ಹಸುರು ಮಾರ್ಗದಲ್ಲಿ ನೆಲದೊಳಗಿರುವ ಚಿಕ್ಕಪೇಟೆಯ ಕೊನೆಯ ಸ್ವರವು ಬದಲಾದರೆ, ಒಂದು ಚಿಕ್ಕ ಪೇಟವು ಮಾತ್ರ ತಲೆಗೆ ದೊರೆಯುವದು.

ಈ ವಿನೋದವು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. 1863ರಲ್ಲಿ ಮೊದಲು ತೆರೆದ ಲಂಡನ್ನಿನ ನೆಲದೊಳಗಿನ ರೈಲುಮಾರ್ಗದಲ್ಲಿ 'ಲೈಸೆಸ್ಟರ್' ಎಂಬಂತೆ ಬರೆದುದನ್ನು 'ಲೆಸ್ಟರ್' ಎಂದೂ, 'ಸೌತ್‌ವಾರ್ಕ್' ಎಂಬಂತೆ ಬರೆದುದನ್ನು 'ಸದಕ್' ಎಂದೂ ಓದಬೇಕು. ಅಲ್ಲಿ ಅಕ್ಷರವನ್ನು ನಂಬಿದವನೇ ತಪ್ಪುವನು. ನಮ್ಮಲ್ಲಿಯಾದರೋ ಕನ್ನಡ ಫಲಕವನ್ನು ಬರೆದಂತೆಯೇ ಓದಿದರೆ ಸಾಕು. ಪರದೇಶದ ಅಂಥ ಹೆಸರುಗಳನ್ನು ಶ್ರಮಪಟ್ಟು ಕಲಿಯುವ ನಾವು, ಮನೆಯ ಬಾಗಿಲಲ್ಲಿರುವ ಹಳ್ಳಿಯನ್ನು ಹಲ್ಲಿಯೆನ್ನುವದು ಶೋಭಿಸುವದೇ?

ಇದು ನಗೆಯಿಂದಲೇ ಮುಗಿಯುವ ಮಾತಲ್ಲ. ಅಗ್ರಹಾರವೆಂದರೆ ವಿದ್ಯಾವಂತರಾದ ಬ್ರಾಹ್ಮಣರಿಗೆ ದಾನವಾಗಿ ಬಿಟ್ಟ ಊರು. ಪಾಳ್ಯವೆಂದರೆ ಬೀಡು ಬಿಟ್ಟು ನೆಲೆಸಿದ ಸ್ಥಳ. ಪೇಟೆಯೆಂದರೆ ವ್ಯಾಪಾರದ ಬೀದಿ. ಹೊಲ ತೋಟಗಳಿದ್ದ ಕಡೆಯಲ್ಲಿ ಈಗ ಗಾಜಿನ ಮಹಡಿಗಳು ಎದ್ದಿವೆ. ಹಿಂದಣ ಊರಿನ ಗುರುತಾಗಿ ಅನೇಕ ಕಡೆ ಹೆಸರೊಂದೇ ಉಳಿದಿದೆ. 2014ನೆಯ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ನಮ್ಮ ನಗರವು 'ಬೆಂಗಳೂರು' ಎಂದೇ ಬರೆಯಲ್ಪಡುತ್ತಿದೆ. ಆದರೂ ಅದರ ಳಕಾರವನ್ನು ಆ ಲಿಪಿಯು ತೋರಿಸಲಾರದು. ಅದನ್ನು ಉಳಿಸತಕ್ಕದ್ದು ನಾಲಿಗೆಯೇ. ಒಂದು ತಲೆಮಾರು ತಪ್ಪಾಗಿ ಆಡಿದರೆ ಮುಂದಿನ ತಲೆಮಾರಿಗೆ ತಪ್ಪೇ ಹೆಸರಾಗುವದು.

ಆದಕಾರಣ, ರೈಲಿನಲ್ಲಿ ಬರುವ ನಮ್ಮ ಬಾಲಿಕೆಯರು ದಿನಕ್ಕೊಂದು ಫಲಕವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ಪಕ್ಕದಲ್ಲಿ ಕುಳಿತ ಹೊರನಾಡಿನವರು ತಪ್ಪಿ ನುಡಿದರೆ ಮುಸಿಮುಸಿ ನಗದೆ, ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಸಿ ಳಕಾರವನ್ನು ನುಡಿಯುವ ಬಗೆಯನ್ನು ವಿನಯದಿಂದ ತೋರಿಸಲಿ. ಬಂದವರಿಗೆ ನಾವು ಕೊಡಬಹುದಾದ ಮೊದಲನೆಯ ಸತ್ಕಾರವು ಅವರು ಇಳಿಯುವ ಊರಿನ ಸರಿಯಾದ ಹೆಸರೇ.